ಬ್ಯಾನರ್ ಸ್ಪಷ್ಟ, ಮುಖ ಮಸುಕು

ಎರಡು ವರ್ಷಗಳ ಹಿಂದೆ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ದೈವಾಧೀನರಾದಾಗ ಶ್ರದ್ಧಾಂಜಲಿ ಸಭೆಯಲ್ಲಿ ಇಡಲು ಒಂದು ಭಾವಚಿತ್ರ ಬೇಕಾಯಿತು. ಮೂವತ್ತು ವರ್ಷ ಸಂಘದ ಕೆಲಸಕ್ಕೆ ಓಡಾಡಿದವರು. ಫೋಟೋಗಳಿಗೇನೂ ಬರವಿರಲಿಲ್ಲ. ಆದರೆ ಒಂದರಲ್ಲಿ ಮೈಕ್ ಅರ್ಧ ಮುಖ ಮುಚ್ಚಿತ್ತು. ಇನ್ನೊಂದರಲ್ಲಿ ಹಿಂದಿನ ಬ್ಯಾನರಿನ ಅಕ್ಷರಗಳು ಸ್ಪಷ್ಟವಾಗಿದ್ದು ಅವರ ಮುಖ ಮಸುಕಾಗಿತ್ತು. ‘ಅಣ್ಣಾ, ಅವರು ನಗುತ್ತಿರುವ ಒಂದು ಫೋಟೋನೂ ಇಲ್ವಾ?’ ಎಂದು ಅವರ ಪತ್ನಿ ಕೇಳಿದರು. ಕೊನೆಗೆ ಪಾಸ್‌ಪೋರ್ಟ್ ಅಳತೆಯ ಚಿತ್ರವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದೆವು. ಆ ಬ್ಯಾನರ್ ಫೋಟೋ ತೆಗೆದವನು ನಾನೇ.

ಅಂದಿನಿಂದ ನಾವು ಐದಾರು ಮಂದಿ ಪ್ರತಿ ಕಾರ್ಯಕ್ರಮದ ಮರು ಭಾನುವಾರ ಅರ್ಧ ಗಂಟೆ ಕುಳಿತು, ತೆಗೆದ ಫೋಟೋಗಳ ತಪ್ಪು-ಒಪ್ಪು ಮಾತನಾಡುತ್ತೇವೆ. ಇದು ಹೊಸದೇನಲ್ಲ. ಮುಂಬಯಿಯಲ್ಲಿ 1937ರಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಆಫ್ ಇಂಡಿಯಾ, ಬೆಂಗಳೂರಿನಲ್ಲಿ 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿದವು. ಚಿತ್ರವನ್ನು ನಾಲ್ವರ ಮುಂದಿಟ್ಟು ಅಭಿಪ್ರಾಯ ಕೇಳುವುದು ಫೋಟೋ ಕ್ಲಬ್ಬುಗಳ ಹಳೆಯ ರೂಢಿ. ನಮ್ಮಲ್ಲಿ ನಿಯಮ ಎರಡೇ: ತೆಗೆದವರನ್ನು ಟೀಕಿಸಬಾರದು, ಚಿತ್ರವನ್ನು ಟೀಕಿಸಬೇಕು; ತಪ್ಪು ಹೇಳಿದವರು ಅದಕ್ಕೆ ಪರಿಹಾರವನ್ನೂ ಹೇಳಬೇಕು.

ಮಸುಕು ಎರಡು ಬಗೆ

ಫೋಟೋ ಮಸುಕಾದರೆ ಮೊದಲು ಕಾರಣ ಹುಡುಕಬೇಕು. ಮುಖ ಮಸುಕಾಗಿ ಹಿಂದಿನದೋ ಮುಂದಿನದೋ ವಸ್ತು ಸ್ಪಷ್ಟವಿದ್ದರೆ ಅದು ಫೋಕಸ್ ತಪ್ಪು. ಕ್ಯಾಮೆರಾ ಹಲವು ಸಲ ನಡುವೆ ಇರುವುದನ್ನೋ, ಗಾಢ ಗೆರೆಗಳಿರುವುದನ್ನೋ ಹಿಡಿದುಬಿಡುತ್ತದೆ. ಬಿಳಿ ಬ್ಯಾನರಿನ ಕಪ್ಪು ಅಕ್ಷರ ಅದಕ್ಕೆ ಸುಲಭದ ತುತ್ತು. ಮೊಬೈಲ್ ಪರದೆಯಲ್ಲಿ ಮುಖದ ಮೇಲೆ ಬೆರಳು ಮುಟ್ಟಿಸಿ, ಕ್ಷಣ ತಡೆದು ಒತ್ತಿ. ಕ್ಯಾಮೆರಾ ಆದರೆ ಗುಂಡಿಯನ್ನು ಅರ್ಧ ಒತ್ತಿ ಹಿಡಿದು, ಫೋಕಸ್ ಕೂತ ಮೇಲೆ ಪೂರ್ತಿ ಒತ್ತಿ.

ಇಡೀ ಚಿತ್ರವೇ ಒಂದು ಕಡೆಗೆ ಎಳೆದಂತಿದ್ದರೆ ಕೈ ಅಲುಗಿದೆ ಎಂದರ್ಥ. ಬೆಳಕು ಕಡಿಮೆಯಿರುವ ಸಭಾಗೃಹದಲ್ಲಿ ಶಟರ್ ನಿಧಾನವಾಗುವುದೇ ಇದಕ್ಕೆ ಕಾರಣ. ಮೊಣಕೈಯನ್ನು ಕುರ್ಚಿಗೋ ಕಂಬಕ್ಕೋ ಊರಿ ನಿಲ್ಲಬೇಕು. ಯಕ್ಷಗಾನದ ವೇಷಧಾರಿ ದಿಗಿಣ ಹಾಕುವಾಗ ಸೆಕೆಂಡಿನ 250ನೇ ಒಂದು ಭಾಗ ಅಥವಾ ಅದಕ್ಕಿಂತ ವೇಗದ ಶಟರ್ ಬೇಕು. ಮೊಬೈಲಿನಲ್ಲಿ ಅದು ಸಾಧ್ಯವಾಗದಿದ್ದರೆ ಕುಣಿತ ಒಂದು ಗಳಿಗೆ ನಿಲ್ಲುವವರೆಗೆ ಕಾಯುವುದೇ ಲೇಸು. ದೂರ ಕೂತು ಬೆರಳಿನಿಂದ ಜೂಮ್ ಎಳೆಯುವ ಬದಲು ನಾಲ್ಕು ಹೆಜ್ಜೆ ಮುಂದೆ ಹೋಗಿ.

ನಾಲ್ಕು ಮೂಲೆ ನೋಡಿ

ಬ್ಯಾಂಕಿನಲ್ಲಿ ಚೆಕ್ ಪಾಸ್ ಮಾಡುವ ಮೊದಲು ತಾರೀಕು, ಅಂಕಿ, ಅಕ್ಷರ, ಸಹಿ ನಾಲ್ಕನ್ನೂ ನೋಡುವುದು ನನ್ನ ನಿತ್ಯದ ಕೆಲಸ. ಫೋಟೋದಲ್ಲೂ ಗುಂಡಿ ಒತ್ತುವ ಮೊದಲು ನಾಲ್ಕು ಮೂಲೆ ನೋಡಬೇಕೆಂದು ತಿಳಿಯಲು ಮಾತ್ರ ಇಷ್ಟು ವರ್ಷ ಬೇಕಾಯಿತು. ಅತಿಥಿಗಳ ತಲೆಯ ಮೇಲೆ ಕಂಬ ಎದ್ದಿರುತ್ತದೆ, ಮೇಜಿನ ನೀರಿನ ಬಾಟಲಿ ಎದೆಗೆ ಅಡ್ಡ ಬಂದಿರುತ್ತದೆ, ಮೇಲೆ ಅರ್ಧ ಚಿತ್ರ ಫ್ಯಾನು ಮತ್ತು ಮಾಳಿಗೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಇವುಗಳಲ್ಲಿ ಹೆಚ್ಚಿನವು ಮಾಯ. ಮೊಬೈಲಿನಲ್ಲಿ ಗ್ರಿಡ್ ಗೆರೆಗಳನ್ನು ಹಾಕಿಕೊಂಡು ಕಣ್ಣುಗಳನ್ನು ಮೇಲಿನ ಗೆರೆಯ ಸಮೀಪ ಇಟ್ಟರೆ ತಲೆಯ ಮೇಲಿನ ಪೋಲು ಜಾಗ ತಪ್ಪುತ್ತದೆ. ದೀಪ ಬೆಳಗುವಾಗ ಅತಿಥಿಗಳ ಬೆನ್ನ ಹಿಂದೆ ನೂಕಾಡದೆ ದೀಪದ ಆಚೆ ನಿಲ್ಲಿ. ಸನ್ಮಾನದಲ್ಲಿ ಶಾಲು, ಹಾರ, ಫಲಕ ಎಲ್ಲ ಮುಗಿದ ಮೇಲೂ ಕ್ಯಾಮೆರಾ ಇಳಿಸಬೇಡಿ. ನಿಜವಾದ ನಗು ಬರುವುದು ಆಗಲೇ.

ನಮ್ಮ ಕೂಟಕ್ಕೆ ಬರುವ ಕಾಲೇಜು ಹುಡುಗಿಯೊಬ್ಬಳು ಊಟದ ಪಂಕ್ತಿಯಲ್ಲಿ ತೆಗೆದ ಮೊದಲ ಫೋಟೋಗಳಲ್ಲಿ ಸಾರಿನ ಬಕೆಟ್ ಸ್ಪಷ್ಟ, ಬಡಿಸುವವರು ಮಸುಕು. ಟೀಕೆ ಕೇಳಿ ಮುಖ ಸಣ್ಣದು ಮಾಡಿಕೊಂಡರೂ ಮುಂದಿನ ಸಲ ಅವಳು ಎಲೆಯ ಮಟ್ಟಕ್ಕೆ ಕೂತು, ಬಡಿಸುವ ಹಿರಿಯರು ಬಗ್ಗಿ ‘ಇನ್ನೂ ಸ್ವಲ್ಪ’ ಎನ್ನುವವರೆಗೆ ಕಾದಳು. ಎಪ್ಪತ್ತೆಂಟು ದಾಟಿದ ಆ ಹಿರಿಯರು ಆ ಚಿತ್ರದ ಪ್ರಿಂಟ್ ಕೇಳಿ ಪಡೆದು ಮನೆಯ ಗೋಡೆಗೆ ಹಾಕಿಕೊಂಡಿದ್ದಾರೆ.

ಸದಸ್ಯ ಬಾಂಧವರಲ್ಲಿ ಒಂದು ವಿನಂತಿ. ಮುಂದಿನ ಕಾರ್ಯಕ್ರಮದ ಇನ್ನೂರು ಫೋಟೋಗಳನ್ನು ವಾಟ್ಸಾಪ್ ಗುಂಪಿಗೆ ಸುರಿಯುವ ಮೊದಲು ಹತ್ತನ್ನು ಆರಿಸಿ, ಹೆಸರು, ತಾರೀಕು ಬರೆದು ಸಂಘದ ಕಚೇರಿಗೆ ಕೊಡಿ. ವೇದಿಕೆಗೆ ಎಂದೂ ಹತ್ತದ ಹಿರಿಯರ ಮುಖವೂ ಆ ಹತ್ತರಲ್ಲಿ ಇರಲಿ.