ಸೀಮೆಎಣ್ಣೆ ಇಲ್ಲದೆ ಇದ್ದಿಲು ಹೊತ್ತಿಸುವ ಬಗೆ

ಮಳೆಗಾಲ ಬಂತೆಂದರೆ ಮುಂಬಯಿಯ ಕಡಲತೀರದಲ್ಲಿ ಮುಸುಕಿನ ಜೋಳದ ತೆನೆ ಸುಡುವ ಶೆಗಡಿಗಳು ಕಾಣಿಸಿಕೊಳ್ಳುತ್ತವೆ. ದೆಹಲಿಯ ಚಳಿಗಾಲದಲ್ಲಿ ಅದೇ ಶೆಗಡಿ ಮೈ ಕಾಯಿಸಿಕೊಳ್ಳಲು ನೆರವಾಗುತ್ತದೆ. ಕೆಲವರು ಅಗ್ಗಿಷ್ಟಿಕೆ ಎಂದು ಕರೆಯುವುದೂ ಇದನ್ನೇ. ಅಡುಗೆ ಅನಿಲ ಮನೆಮನೆಗೆ ಬಂದ ಮೇಲೂ ಬದನೆಕಾಯಿ, ಗೆಣಸು, ಮೀನು ಸುಡುವುದಕ್ಕೆ ಕೆಂಡವನ್ನೇ ಬಯಸುವವರಿದ್ದಾರೆ. ಆದರೆ ಇದ್ದಿಲು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಬೇಸತ್ತವರ ಕೈ ಸೀಮೆಎಣ್ಣೆಯ ಬಾಟಲಿಯತ್ತ ಹೋಗುತ್ತದೆ. ಅನಾಹುತದ ಆರಂಭ ಅಲ್ಲಿಯೇ.

ತಡವಾಗಿ ಹೊತ್ತುವುದೇಕೆ?

ಸೌದೆಗೆ ಸಾಕಷ್ಟು ಗಾಳಿ ದೊರೆಯದಂತೆ ಮಾಡಿ ಕಾಯಿಸಿದಾಗ ಅದರ ನೀರಿನಂಶವೂ ಬೇಗ ಉರಿಯುವ ಅನಿಲಗಳೂ ಹೊರಟುಹೋಗುತ್ತವೆ. ಉಳಿಯುವುದು ಬಹುಪಾಲು ಇಂಗಾಲ, ಅದೇ ಇದ್ದಿಲು. ಸೌದೆಯಲ್ಲಿ ಕಾಣುವ ಜ್ವಾಲೆ ಆ ಅನಿಲಗಳದ್ದು. ಅವು ಇಲ್ಲದ ಕಾರಣ ಇದ್ದಿಲು ಹೊರಮೈಯಿಂದ ಮೆಲ್ಲಗೆ ಕೆಂಪಾಗುತ್ತದೆ. ಅದಕ್ಕೆ ಬೇಕಾದುದು ಎರಡೇ: ಕೆಲವು ನಿಮಿಷಗಳ ಎಡೆಬಿಡದ ಶಾಖ ಮತ್ತು ಕೆಳಗಿನಿಂದ ಬರುವ ಗಾಳಿ.

ಸೀಮೆಎಣ್ಣೆ ಶಾಖವನ್ನು ಕೊಡುತ್ತದೆಯಾದರೂ ಗಾಳಿಯನ್ನು ಕೊಡಲಾರದು. ಅರೆಬರೆ ಹೊತ್ತಿದ ಕೆಂಡದ ಮೇಲೆ ಅದನ್ನು ಸುರಿದರೆ ಒಡನೆಯೇ ಆವಿಯಾಗಿ ಭಗ್ಗನೆ ಉರಿಯುತ್ತದೆ. ಸುರಿಯುವ ಧಾರೆಯ ಗುಂಟ ಜ್ವಾಲೆ ಬಾಟಲಿಯವರೆಗೂ ಏರಬಹುದು. ಸೆರಗು, ತೋಳುಗಳಿಗೆ ತಗಲಬಹುದು. ಪೆಟ್ರೋಲ್, ಬಣ್ಣಕ್ಕೆ ಬೆರೆಸುವ ಥಿನ್ನರ್ ಮುಂತಾದವು ಇನ್ನೂ ಅಪಾಯಕರ. ಇವನ್ನು ಯಾವ ಕಾರಣಕ್ಕೂ ಬಳಸಕೂಡದು.

ತಗಡಿನ ಡಬ್ಬಿಯ ಉಪಾಯ

ಸುಮಾರು ಒಂದು ಗೇಣು ಎತ್ತರದ ಖಾಲಿ ತಗಡಿನ ಡಬ್ಬಿಯೊಂದನ್ನು ಚೆನ್ನಾಗಿ ತೊಳೆದು, ಮೇಲಿನ ಮುಚ್ಚಳವನ್ನೂ ತಳವನ್ನೂ ಕತ್ತರಿಸಿ ತೆಗೆಯಬೇಕು. ಕೆಳಅಂಚಿನ ಸುತ್ತ ಮೊಳೆಯಿಂದ ಹತ್ತು ಹನ್ನೆರಡು ದೊಡ್ಡ ರಂಧ್ರಗಳನ್ನು ಮಾಡಬೇಕು. ಸತುವಿನ ಲೇಪವಿರುವ ತಗಡು ಬೇಡ. ಅತಿಯಾಗಿ ಕಾದಾಗ ಅದರಿಂದ ಹಾನಿಕರ ಹೊಗೆ ಏಳುತ್ತದೆ.

ಡಬ್ಬಿಯನ್ನು ಶೆಗಡಿಯ ಜಾಲರಿಯ ಮೇಲೆ ನಿಲ್ಲಿಸಿ, ಒಳಗೆ ಸಡಿಲವಾಗಿ ಮುದುಡಿದ ಎರಡು ಹಾಳೆ ಹಳೆಯ ಪತ್ರಿಕೆ, ಅದರ ಮೇಲೆ ಒಣಗಿದ ತೆಂಗಿನ ನಾರು, ಕರಟದ ಚೂರು ಅಥವಾ ಪುಳ್ಳೆಗಳನ್ನು ಹಾಕಬೇಕು. ಬಳಿಕ ಇದ್ದಿಲನ್ನು, ಸಣ್ಣ ತುಂಡುಗಳು ಕೆಳಗೆ ಬರುವಂತೆ, ಒತ್ತದೆ ತುಂಬಬೇಕು. ಕೆಳಗಿನ ರಂಧ್ರದಿಂದ ಕಾಗದಕ್ಕೆ ಬೆಂಕಿ ತಗಲಿಸಿದರೆ ಸಾಕು. ಬಿಸಿಗಾಳಿ ಮೇಲೇರಿದಂತೆ ಹೊಸ ಗಾಳಿ ರಂಧ್ರಗಳಿಂದ ಒಳನುಗ್ಗುತ್ತದೆ. ಹೊಗೆಕೊಳವೆಯ ತತ್ತ್ವವೂ ಇದೇ. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಮೇಲಿನ ತುಂಡುಗಳ ಮೇಲೂ ಬೂದುಬಣ್ಣದ ತೆಳುಪದರ ಕಾಣುತ್ತದೆ. ಆಗ ಉದ್ದನೆಯ ಇಕ್ಕಳದಿಂದ ಡಬ್ಬಿಯನ್ನು ಎತ್ತಿದರೆ ಕೆಂಡ ಶೆಗಡಿಯಲ್ಲಿ ಹರಡಿಕೊಳ್ಳುತ್ತದೆ.

ಡಬ್ಬಿ ಇಲ್ಲದಿದ್ದರೆ, ಅಡುಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿಯ ಬತ್ತಿಯನ್ನು ಜಾಲರಿಯ ಮೇಲಿಟ್ಟು ಹೊತ್ತಿಸಿ, ಸುತ್ತಲೂ ಗೋಪುರದಂತೆ ಇದ್ದಿಲನ್ನು ಜೋಡಿಸಬಹುದು. ಇದ್ದಿಲು ಕೆಂಪಾಗತೊಡಗಿದ ಮೇಲೆ ಶೆಗಡಿಯ ಕೆಳಬಾಯಿಗೆ ಬೀಸಣಿಗೆಯಿಂದ ಗಾಳಿ ಹಾಕಬೇಕು. ಹಾಲಿನ ಪ್ಯಾಕೆಟ್ಟು, ರಬ್ಬರು ಮೊದಲಾದವನ್ನು ಸುಡಕೂಡದು. ಅವುಗಳ ಹೊಗೆ ವಿಷಕಾರಿ. ಇದ್ದಿಲು ತೇವವಾಗಿದ್ದರೆ ಶಾಖದ ಒಂದು ಪಾಲು ನೀರನ್ನು ಆವಿಯಾಗಿಸುವುದರಲ್ಲೇ ವ್ಯರ್ಥವಾಗುತ್ತದೆ. ಆದುದರಿಂದ ಅದನ್ನು ಬಿಸಿಲಿನಲ್ಲಿ ಒಣಗಿಸಿ, ಮುಚ್ಚಳವಿರುವ ಡಬ್ಬದಲ್ಲಿ ಇಡುವುದು ಲೇಸು.

ಕಾಣದ ಅಪಾಯ

ಹೊಗೆ ನಿಂತ ಕೆಂಡ ನಿರಪಾಯಕಾರಿ ಎಂಬ ಭಾವನೆ ತಪ್ಪು. ಉರಿಯುವ ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಅನಿಲ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಪರಿಣಾಮವಾಗಿ ದೇಹಕ್ಕೆ ಆಮ್ಲಜನಕದ ಕೊರತೆಯುಂಟಾಗುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಇದರ ಮೊದಲ ಲಕ್ಷಣಗಳು. ನಿದ್ರಿಸುತ್ತಿರುವವರಿಗೆ ಈ ಎಚ್ಚರಿಕೆಯೂ ದೊರೆಯದೆ ಸಾವು ಸಂಭವಿಸಬಹುದು. ಉತ್ತರ ಭಾರತದ ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಶೆಗಡಿ ಇಟ್ಟುಕೊಂಡು ಮಲಗಿದವರು ಬೆಳಗಾಗುವಷ್ಟರಲ್ಲಿ ಪ್ರಾಣ ಕಳೆದುಕೊಂಡ ಪ್ರಸಂಗಗಳು ಮತ್ತೆ ಮತ್ತೆ ವರದಿಯಾಗುತ್ತವೆ.

ಆದುದರಿಂದ ಇದ್ದಿಲನ್ನು ಹೊತ್ತಿಸುವುದೂ ಉರಿಸುವುದೂ ಬಯಲಿನಲ್ಲಿಯೇ ನಡೆಯಬೇಕು. ಒಂದು ಕಿಟಕಿ ತೆರೆದಿಟ್ಟ ಮಾತ್ರಕ್ಕೆ ಕೋಣೆ ಸುರಕ್ಷಿತವಾಗುವುದಿಲ್ಲ. ಯಾರಾದರೂ ಅಸ್ವಸ್ಥರಾದರೆ ತಕ್ಷಣ ಹೊರಗಿನ ಗಾಳಿಗೆ ಕರೆತಂದು 112ಕ್ಕೆ ಕರೆ ಮಾಡಬೇಕು. ದೆಹಲಿಯಂಥ ನಗರಗಳಲ್ಲಿ ವಾಯುಮಾಲಿನ್ಯ ಹೆಚ್ಚಿದ ದಿನಗಳಲ್ಲಿ ವಿಧಿಸುವ ನಿರ್ಬಂಧಗಳನ್ನೂ ಪಾಲಿಸಬೇಕು.

ಕೆಲಸ ಮುಗಿದೊಡನೆ ಶೆಗಡಿಯನ್ನು ಒಳಗೆ ತರಬಾರದು. ಬೂದಿ ಮುಚ್ಚಿದ ಕೆಂಡ ಗಂಟೆಗಟ್ಟಲೆ ಜೀವಂತವಾಗಿರುತ್ತದೆ. ದೂರ ನಿಂತು ಸ್ವಲ್ಪ ಸ್ವಲ್ಪವಾಗಿ ನೀರು ಚಿಮುಕಿಸಿ, ಕೆದಕಿ ನೋಡಿ, ಸಂಪೂರ್ಣ ತಣ್ಣಗಾದ ಮೇಲೆಯೇ ಬೂದಿಯನ್ನು ಚೆಲ್ಲಬೇಕು. ಹೊತ್ತಿಸುವಾಗ ಬೇಕಾದ ತಾಳ್ಮೆ ಆರಿಸುವಾಗಲೂ ಬೇಕು.