ಟಕ್ ಟಕ್ ಎನ್ನುವ ಹೊಸ ಲ್ಯಾಪ್‌ಟಾಪ್

ನಮ್ಮ ಸೊಕ್ಕೆ ಕಡೆ ಲ್ಯಾಪ್‌ಟಾಪ್‌ನಲ್ಲಿ ಏನೇ ತಡವರಿಸಿದರೂ ತಪ್ಪು ನೆಟ್‌ವರ್ಕಿನದು. ಅದು ಬಿಟ್ಟರೆ ಕರೆಂಟಿನದು. ಹಾಗಾಗಿ ಆನ್‌ಲೈನ್ ಕ್ಲಾಸಿಗೆಂದು ಕೊಂಡ ಹೊಸ ಲ್ಯಾಪ್‌ಟಾಪ್‌ನಲ್ಲಿ ಮೇಷ್ಟ್ರ ಮಾತು ತುಂಡು ತುಂಡಾಗಿ ಕೇಳತೊಡಗಿದಾಗ ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಒಳಗಿನ ಶಬ್ದವನ್ನು ಮೊದಲು ಹಿಡಿದದ್ದು ಅಮ್ಮ. ‘ಹಲ್ಲಿ ಲೊಚಗುಟ್ಟಿದಂಗೆ ಆಗ್ತೈತಲ್ಲೇ, ಗ್ವಾಡೆ ಮ್ಯಾಲೆ ಹಲ್ಲೀನೇ ಇಲ್ಲ’ ಅಂದಳು.

ಮೆಕ್ಕೆಜೋಳ ಮಾರಿದ ದುಡ್ಡಿನಲ್ಲಿ ಅಪ್ಪ ಕೊಡಿಸಿದ್ದು. ಎಸ್‌ಎಸ್‌ಡಿ ಇರುವುದಕ್ಕೆ ಹಣ ಸಾಲದೆ 1 ಟಿಬಿ ಹಾರ್ಡ್ ಡಿಸ್ಕ್ ಇರುವುದನ್ನೇ ತಂದಿದ್ದೆವು. ಅಂತಿಮ ವರ್ಷದ ಪ್ರಾಜೆಕ್ಟ್, ಸ್ಕ್ಯಾನ್ ಮಾಡಿಸಿದ ಅಂಕಪಟ್ಟಿಗಳು, ಜಾತಿ-ಆದಾಯ ಪ್ರಮಾಣಪತ್ರ, ತುಂಬಿದ್ದ ಅರ್ಜಿಗಳು ಎಲ್ಲವೂ ಅದರಲ್ಲೇ ಇದ್ದವು.

ನೆಟ್‌ವರ್ಕಿನ ಅನುಮಾನ ತೀರಿಸಿಕೊಳ್ಳುವುದು ಸುಲಭ. ಡೌನ್‌ಲೋಡ್ ಮಾಡಿಟ್ಟಿದ್ದ ಪಾಠದ ವಿಡಿಯೊವನ್ನು ಇಂಟರ್‌ನೆಟ್ ಆರಿಸಿ ಹಾಕಿದೆ. ಆಗಲೂ ತಡವರಿಸಿತು. ಚಾರ್ಜರ್ ಕಿತ್ತು ಬರೀ ಬ್ಯಾಟರಿಯಲ್ಲಿ ಓಡಿಸಿದೆ, ಅದೇ ಕಥೆ. ಕೊನೆಗೆ ಅದೇ ವಿಡಿಯೊವನ್ನು ಫೋನಿನಿಂದ ಪೆನ್‌ಡ್ರೈವ್‌ಗೆ ಹಾಕಿ ಅಲ್ಲಿಂದಲೇ ಓಡಿಸಿದಾಗ ನೀರು ಹರಿದಂತೆ ಓಡಿತು. ಅಲ್ಲಿಗೆ ಅನುಮಾನವೆಲ್ಲ ಡಿಸ್ಕಿನ ಮೇಲೆ ಬಂತು. ಹೊಸ ಯಂತ್ರದಲ್ಲಿ ಮೊದಲ ದಿನಗಳಲ್ಲಿ ಅಪ್‌ಡೇಟ್‌ಗಳು ಹಿಂದೆಯೇ ನಡೆಯುತ್ತಿದ್ದು ಡಿಸ್ಕ್ ಬಳಕೆ 100% ತೋರಿಸುವುದುಂಟು. ಅದಕ್ಕೆಂದು ಒಂದು ರಾತ್ರಿ ಪೂರ್ತಿ ಆನ್ ಮಾಡಿಯೇ ಬಿಟ್ಟೆ. ಬೆಳಿಗ್ಗೆಯೂ ಹಲ್ಲಿ ಲೊಚಗುಟ್ಟುತ್ತಲೇ ಇತ್ತು.

ಹಾರ್ಡ್ ಡಿಸ್ಕ್ ಹಳೆಯ ತಲೆಮಾರಿನ ವಸ್ತು. 1956ರಲ್ಲಿ ಐಬಿಎಂ ತಂದ ಮೊದಲನೆಯದರಲ್ಲಿ 50 ತಟ್ಟೆಗಳಿದ್ದವು, ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಈಗ ಅಂಗೈಯಲ್ಲಿ ಹಿಡಿಯಬಹುದಾದರೂ ಒಳಗಿನ ಕೆಲಸ ಅದೇ: ತಟ್ಟೆ ತಿರುಗುತ್ತದೆ, ಅದನ್ನು ಮುಟ್ಟದೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ಹೆಡ್ ತೇಲುತ್ತ ಓದುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ತಟ್ಟೆಯದು ನಿಮಿಷಕ್ಕೆ 5,400 ಸುತ್ತು. ಒಂದು ಜಾಗ ಓದಲು ಸಿಗದಿದ್ದರೆ ಹೆಡ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅದು ಮುಗಿಯುವವರೆಗೆ ವಿಡಿಯೊ, ಮೌಸ್ ಎಲ್ಲ ಕಾಯಬೇಕು. ಅಂದರೆ ಶಬ್ದ, ತಡವರಿಕೆ ಎರಡೂ ಒಂದೇ ರೋಗದ ಲಕ್ಷಣ. ಶಬ್ದ ಬಂದದ್ದಕ್ಕೆಲ್ಲ ಗಾಬರಿ ಬೇಡ. ಸುಮ್ಮನಿದ್ದಾಗ ಹೆಡ್ ಪಕ್ಕಕ್ಕೆ ಸರಿಯುವಾಗ ಒಂದು ಸಣ್ಣ ‘ಟಿಕ್’ ಸಹಜ. ನನ್ನದರಲ್ಲಿ ವಿಡಿಯೊ ನಿಂತ ಕ್ಷಣಕ್ಕೆ ಸರಿಯಾಗಿ ಸಾಲಾಗಿ ಬರುತ್ತಿತ್ತು.

ಬೇರೆ ಪರೀಕ್ಷೆಗೆ ಕೈ ಹಾಕುವ ಮೊದಲು ಮುಖ್ಯ ಫೈಲುಗಳನ್ನು ಪೆನ್‌ಡ್ರೈವ್‌ಗೆ ತೆಗೆದುಕೊಂಡೆ. ವಿಂಡೋಸ್‌ನ ಡಿಸ್ಕ್ ಚೆಕ್ಕನ್ನು ಆಗಲೇ ಓಡಿಸಲಿಲ್ಲ. ಸೋತು ಬಿದ್ದವನನ್ನು ಊರೆಲ್ಲ ಓಡಿಸಿ ಶಕ್ತಿ ಎಷ್ಟಿದೆ ನೋಡಿದಂತೆ ಅದು. ಪ್ರಾಜೆಕ್ಟಿನ ಒಂದು ಫೈಲ್ ಅರ್ಧಕ್ಕೇ ನಿಂತಿತು. ಅದನ್ನು ಬಿಟ್ಟು ಉಳಿದವನ್ನು ಮೊದಲು ಎಳೆದುಕೊಂಡೆ. ಸಂಜೆ ನಾಲ್ಕನೇ ಪ್ರಯತ್ನಕ್ಕೆ ಅದೂ ಬಂತು. ಅಷ್ಟು ಹೊತ್ತು ಊಟ ಸೇರಿರಲಿಲ್ಲ.

ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದೆ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ, ಈ ತಂತ್ರಾಂಶ ಅದನ್ನು ತೋರಿಸುತ್ತದೆ. ನೋಡಬೇಕಾದ ಸಾಲು ಮೂರು. 05 ಅಂದರೆ ಕೆಟ್ಟು ಬದಲಿಯಾದ ಜಾಗಗಳು, ಸಿ5 ಅಂದರೆ ಓದಲು ಕಷ್ಟವಾಗಿ ತೀರ್ಮಾನಕ್ಕೆ ಕಾದಿರುವ ಜಾಗಗಳು. ಸಿ7 ಏರುತ್ತಿದ್ದರೆ ಬಹುತೇಕ ಡಿಸ್ಕಿನದಲ್ಲ, ಕೇಬಲ್ ಇಲ್ಲವೇ ಜೋಡಣೆಯ ದೋಷ. ನನ್ನ ಸಿ7 ಸೊನ್ನೆ, ಸಿ5 ಮಾತ್ರ 18. ಈ ಅಂಕಿಗಳು ಹದಿನಾರರ ಲೆಕ್ಕದಲ್ಲಿರುತ್ತವೆ, ಹಾಗಾಗಿ 18 ಎಂದರೆ 24. ಮೇಲೆ ಹಳದಿ ಬಣ್ಣದಲ್ಲಿ ಎಚ್ಚರಿಕೆ ಬೇರೆ.

ದಾವಣಗೆರೆಯಲ್ಲಿ ಕೊಂಡ ಅಂಗಡಿಗೆ ಅಪ್ಪನ ಜೊತೆ ಹೋದೆ. ಬಸ್ಸಿನ ಕುಲುಕಾಟಕ್ಕೆ ಹೆದರಿ ಲ್ಯಾಪ್‌ಟಾಪನ್ನು ಪೂರ್ತಿ ಶಟ್‌ಡೌನ್ ಮಾಡಿದ್ದೆ. ತಿರುಗುತ್ತಿರುವ ಡಿಸ್ಕಿಗಿಂತ ನಿಂತ ಡಿಸ್ಕ್ ಹೆಚ್ಚು ಏಟು ತಡೆಯುತ್ತದೆ. ‘ಏನಿಲ್ಲ ಬಿಡಮ್ಮ, ಫಾರ್ಮ್ಯಾಟ್ ಹೊಡೆದ್ರೆ ಸರಿ ಹೋಗ್ತದೆ’ ಅಂದ ಅಲ್ಲಿನ ಹುಡುಗ. ‘ಮಾಡ್ಸಿಬಿಡವ್ವ’ ಅಂತ ಅಪ್ಪನೂ ಅಂದರು. ಫಾರ್ಮ್ಯಾಟ್ ಮಾಡಿದರೆ ಡಿಸ್ಕ್ ಕೆಲವು ದಿನ ಚೆನ್ನಾಗಿಯೇ ಕಾಣಬಹುದು, ಅಷ್ಟರಲ್ಲಿ ಬದಲಿಸಿಕೊಡುವ ಅವಧಿ ಮುಗಿದಿರುತ್ತದೆ. ನಾನು ಒಪ್ಪಲಿಲ್ಲ. ಸಿ5 ಇರುವ ಪರದೆಯ ಚಿತ್ರ, ಶಬ್ದ ಕೇಳುವಂತೆ ಫೋನಿನಲ್ಲಿ ಮಾಡಿಕೊಂಡಿದ್ದ ವಿಡಿಯೊ, ಸೀರಿಯಲ್ ನಂಬರ್ ಇದ್ದ ಬಿಲ್ ಮೂರನ್ನೂ ಮುಂದಿಟ್ಟೆ. ವಿಡಿಯೊ ಕೇಳಿದ ಮಾಲೀಕರು ಹೆಚ್ಚು ಮಾತಾಡದೆ ಸರ್ವಿಸ್ ಸೆಂಟರ್‌ಗೆ ಕಳಿಸಿದರು.

ಅವರು ಒಪ್ಪದಿದ್ದರೆ 1915ಕ್ಕೆ ಕರೆ ಮಾಡುವುದೆಂದುಕೊಂಡಿದ್ದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಕೊಂಡದ್ದು ಬೆಂಗಳೂರಿನಲ್ಲಾದರೂ ಆನ್‌ಲೈನ್‌ನಲ್ಲಾದರೂ ಸರಿ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು.

ಆ ಮಾತು ಬರಲಿಲ್ಲ. ವಾರಂಟಿಯಲ್ಲೇ ಬೇರೆ ಡಿಸ್ಕ್ ಹಾಕಿದರು. ಹಳೆಯದನ್ನು ಅವರೇ ಇಟ್ಟುಕೊಂಡರು, ಅದರಲ್ಲಿದ್ದುದನ್ನು ತೆಗೆದುಕೊಡುವುದು ವಾರಂಟಿಯಲ್ಲಿ ಬರುವುದಿಲ್ಲವಂತೆ. ಅಷ್ಟರಲ್ಲಿ ನನ್ನ ಪ್ರಾಜೆಕ್ಟ್ ಪೆನ್‌ಡ್ರೈವ್‌ನಲ್ಲಿ ಒಂದು, ಗೆಳತಿಯ ಮನೆಯ ಕಂಪ್ಯೂಟರ್‌ನಲ್ಲಿ ಇನ್ನೊಂದು ಪ್ರತಿಯಾಗಿ ಕೂತಿತ್ತು. ಹೊಸ ಡಿಸ್ಕಿನ ಸಿ5 ಸಾಲನ್ನು ಆ ರಾತ್ರಿಯೇ ನೋಡಿದೆ. ಸೊನ್ನೆ ಇತ್ತು.