ದೋಣಿಯ ಲಕ್ಷಣಗಳೂ ಅವುಗಳ ಲೆಕ್ಕವೂ

ಎತ್ತನ್ನು ಕೊಳ್ಳುವವನು ಸುಳಿಯನ್ನು ನೋಡುವನು, ಬಾಯಿ ಬಿಡಿಸಿ ಹಲ್ಲನ್ನು ಎಣಿಸುವನು, ನಾಲ್ಕು ಹೆಜ್ಜೆ ನಡೆಯಿಸಿ ಗೊರಸನ್ನು ಪರೀಕ್ಷಿಸುವನು. ಮನೆಯನ್ನು ಕಟ್ಟಿಸುವವನು ಉದ್ದಗಲಗಳನ್ನು ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಶೇಷದಿಂದ ಆಯವನ್ನು ತಿಳಿಯುವನು. ಹಾಗಾದರೆ ಹಾಯಿದೋಣಿಯನ್ನು ಕೊಳ್ಳುವವನು ಏನನ್ನು ನೋಡಬೇಕು? ಮುಗಿಲನ್ನು ನೋಡಿ ನೋಡಿ ಕೊರಳು ನೊಂದ ಬಯಲುಸೀಮೆಯವರಿಗೆ ದೋಣಿಯ ಗೊಡವೆಯೇಕೆ ಎಂದು ವಾಚಕರು ನಗಬಹುದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಹುಟ್ಟಿದವರು ಈಗ ಯಾವ ಯಾವ ಸಮುದ್ರಗಳ ದಡದಲ್ಲಿ ಸಂಸಾರ ಹೂಡಿರುವರೆಂಬುದನ್ನು ನೆನೆದರೆ ಆ ನಗೆಯು ನಿಲ್ಲುವುದು.

ನಮ್ಮಲ್ಲಿಯೂ ನೀರು ಇಲ್ಲದೆ ಇಲ್ಲ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ೧೮೯೮ರಲ್ಲಿ ಮೊದಲುಮಾಡಿ ೧೯೦೭ರಲ್ಲಿ ಪೂರೈಸಿದ ವಾಣೀವಿಲಾಸ ಸಾಗರವು ೧೯೩೩ರಲ್ಲಿ ಕೋಡಿಬಿದ್ದಿತು. ಬಳಿಕ ಎಂಬತ್ತೊಂಬತ್ತು ವರ್ಷ ಕಾಯಿಸಿ ೨೦೨೨ರಲ್ಲಿ ಮತ್ತೆ ತುಂಬಿ ಹರಿಯಿತು. ೨೦೨೫ರ ಜನವರಿಯಲ್ಲಿ ಇನ್ನೊಮ್ಮೆ. ನೂರಮೂವತ್ತು ಅಡಿ ನೀರು ನಿಂತಾಗ ಹಿನ್ನೀರು ಹೊಸದುರ್ಗದ ತಾಲ್ಲೂಕಿನೊಳಕ್ಕೂ ಕೈಚಾಚುವುದು. ಅದರ ಮೇಲೆ ನಮ್ಮವರು ಬಲ್ಲ ವಾಹನವೆಂದರೆ ಹರಿಗೋಲು. ಬಿದಿರಿನ ಸೀಳುಗಳನ್ನು ಮೊರದಂತೆ ಹೆಣೆದು, ಹಿಂದೆ ಚರ್ಮವನ್ನೂ ಈಗ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿದ ಈ ದುಂಡು ಬುಟ್ಟಿಯಲ್ಲಿ ಉದ್ದಕ್ಕೂ ಅಗಲಕ್ಕೂ ಭೇದವಿಲ್ಲ. ಅದರ ಪ್ರಮಾಣ ಒಂದಕ್ಕೆ ಒಂದು. ಭಾರವನ್ನು ನಡುವೆ ಇಟ್ಟು ತೆಪ್ಪಗೆ ಕುಳಿತವರನ್ನು ಅದು ಮುಗುಚುವುದು ಕಡಮೆ; ಆದರೆ ಹುಟ್ಟು ಹಾಕುವವನು ಕೈ ಬಿಟ್ಟನೆಂದರೆ ಬುಗುರಿಯಂತೆ ತಿರುಗುವುದು. ಅದಕ್ಕೆ ಹಾಯಿಯನ್ನು ಕಟ್ಟಿದರೆ ಗಾಳಿ ಹೋದತ್ತ ಹೋಗುವುದಲ್ಲದೆ ನಾವು ಹೇಳಿದತ್ತ ಹೋಗದು. ಆಕಾರದ ಪ್ರಮಾಣವೇ ವಾಹನದ ಸ್ವಭಾವವೆಂಬುದನ್ನು ತಿಳಿಯಲು ಇದಕ್ಕಿಂತ ಸುಲಭವಾದ ಉದಾಹರಣೆ ಬೇಕಿಲ್ಲ.

ಈ ವಿಚಾರವು ನಮ್ಮ ಹಿರಿಯರಿಗೆ ಹೊಸದಲ್ಲ. ಹನ್ನೊಂದನೆಯ ಶತಮಾನದ ಧಾರಾನಗರದ ಭೋಜರಾಜನ ಹೆಸರಿನಲ್ಲಿರುವ ಯುಕ್ತಿಕಲ್ಪತರುವಿನಲ್ಲಿ ನೌಕೆಗಳ ಉದ್ದ, ಅಗಲ, ಎತ್ತರಗಳನ್ನು ಮೊಳದ ಲೆಕ್ಕದಲ್ಲಿ ವಿಂಗಡಿಸಿ ಹೇಳಿದೆ. ರಾಧಾಕುಮುದ ಮುಖರ್ಜಿಯವರು ೧೯೧೨ರಲ್ಲಿ ಭಾರತದ ನೌಕಾಚರಿತ್ರೆಯ ಮೇಲೆ ಬರೆದ ಗ್ರಂಥದಲ್ಲಿ ಈ ಅಳತೆಗಳನ್ನು ಪಟ್ಟಿಮಾಡಿ ಕೊಟ್ಟಿರುವರು. 'ದೀರ್ಘಾ' ಎಂಬ ವರ್ಗದ ಮೊದಲನೆಯದಾದ ದೀರ್ಘಿಕೆಯು ೩೨ ಮೊಳ ಉದ್ದ, ೪ ಮೊಳ ಅಗಲ. ಅದೇ ವರ್ಗದ ತರಣಿಯು ೪೮ಕ್ಕೆ ೬. ಕೊನೆಯದಾದ ವೇಗಿನಿಯು ೧೭೬ಕ್ಕೆ ೨೨. ಎಲ್ಲಿ ಭಾಗಿಸಿದರೂ ಎಂಟೇ ಬರುವುದು. ಎತ್ತರವಾದರೋ ಉದ್ದದ ಹತ್ತನೆಯ ಒಂದು ಪಾಲು. 'ಉನ್ನತಾ' ಎಂಬ ವರ್ಗದಲ್ಲಿ ಅಗಲವೂ ಎತ್ತರವೂ ಉದ್ದದ ಅರ್ಧ. ವೇಗಕ್ಕೆ ಒಂದು ಜಾತಿ, ಹೊಟ್ಟೆ ತುಂಬ ಸರಕಿಗೆ ಇನ್ನೊಂದು ಎಂದು ನಾವು ಅರ್ಥಮಾಡಬಹುದು. ದೀರ್ಘಾ ವರ್ಗದಲ್ಲಿ ಲೋಲಾ, ಗಾಮಿನೀ, ಪ್ಲಾವಿನೀ ಎಂಬ ಮೂರು ಅಶುಭವೆಂಬ ಮಾತೂ ಅಲ್ಲಿದೆ. ಹತ್ತಕ್ಕೂ ಪ್ರಮಾಣ ಒಂದೇ ಆಗಿರುವಾಗ ಮೂರಕ್ಕೆ ಮಾತ್ರ ದೋಷವು ಹೇಗೆ ಬಂದೀತು? ಅದು ಲೆಕ್ಕದಿಂದ ಬಂದ ದೋಷವಲ್ಲವೆಂಬುದು ಸ್ಪಷ್ಟ. ಶಾಸ್ತ್ರವನ್ನು ಗೌರವಿಸುವವರೂ ಇಲ್ಲಿ ಒಮ್ಮೆ ಸ್ಲೇಟನ್ನು ಹಿಡಿದು ನೋಡುವುದು ಒಳ್ಳೆಯದು.

ಈಗ ಪ್ರಕೃತಕ್ಕೆ ಬರೋಣ. ಹೊಸದುರ್ಗದ ಕಡೆಯ ನಮ್ಮ ಹಳೆಯ ಶಿಷ್ಯನೊಬ್ಬನು ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಉದ್ಯೋಗದಲ್ಲಿರುವನು. ಹತ್ತು ವರ್ಷ ಕೂಡಿಟ್ಟ ಹಣದಿಂದ ಹಳೆಯ ಹಾಯಿದೋಣಿಯೊಂದನ್ನು ಕೊಂಡು, ಹೆಂಡತಿಯನ್ನೂ ಎಂಟು ವರ್ಷದ ಮಗಳನ್ನೂ ಕೂರಿಸಿಕೊಂಡು ಬೇಸಗೆಯಲ್ಲಿ ಕಡಲದಾರಿ ಹಿಡಿಯಬೇಕೆಂದು ಅವನ ಆಸೆ. ಎರಡು ದೋಣಿಗಳನ್ನು ನೋಡಿರುವನು. ಬೆಲೆ ಹೆಚ್ಚುಕಡಮೆ ಒಂದೇ. ಮಾರುವವರು ಕೊಟ್ಟ ಕಾಗದದಲ್ಲಿ ಐದಾರು ಅಂಕಿಗಳಿವೆ. ಅವುಗಳ ಅರ್ಥವೇನೆಂದು, ಗಣಿತವನ್ನೂ ಸಂಸ್ಕೃತವನ್ನೂ ಒಂದೇ ಬೆತ್ತದಿಂದ ಕಲಿಸಿದ ನಮ್ಮನ್ನು ಕೇಳಿದನು. ಅತ್ತ ಅವನ ತಾಯಿಯವರು ಮನೆಗೇ ಬಂದು, "ಮೇಷ್ಟ್ರೇ, ಅವನಿಗೆ ಬೇಡ ಅಂತ ಬರೀರಿ. ನಿಮ್ಮ ಮಾತಾದರೆ ಕೇಳ್ತಾನೆ" ಎಂದು ಕಣ್ಣೀರು ತಂದರು. ಬೇಡವೆಂದು ಬರೆಯುವುದು ಸುಲಭ; ಆದರೆ ನಲವತ್ತು ವರ್ಷದವನು ಬೇಡವೆಂದರೆ ಬಿಡುವನೇ? ಯಾವುದು ಬೇಡವೆಂದು ಲೆಕ್ಕದಿಂದ ತೋರಿಸಿದರೆ ಬಿಟ್ಟಾನು. ಆದಕಾರಣ ಈ ವಿಷಯವನ್ನು ಎರಡು ತಿಂಗಳು ವ್ಯಾಸಂಗ ಮಾಡಿದೆವು.

ಎರಡು ದೋಣಿಗಳಿಗೂ ನೀರಿಗೆ ತಗಲುವ ಉದ್ದ ೨೫ ಅಡಿ, ಅಗಲ ೯½ ಅಡಿ. ಮೊದಲನೆಯದರ ತೂಕ ೮,೦೦೦ ಪೌಂಡು, ಹಾಯಿ ೪೦೦ ಚದರ ಅಡಿ. ಎರಡನೆಯದರ ತೂಕ ೪,೦೯೬ ಪೌಂಡು, ಹಾಯಿ ೩೫೨ ಚದರ ಅಡಿ. ಶಿಷ್ಯನ ಮನಸ್ಸು ಎರಡನೆಯದರ ಮೇಲೆ. ಅದು ಹೆಚ್ಚು ಚುರುಕೆಂದು ಮಾರುವವನು ಹೇಳಿದ್ದನಂತೆ.

ಮೊದಲು ವೇಗದ ಮಾತು. ಭಾರವಾದ ದೋಣಿಯು ನೀರನ್ನು ಸೀಳುವಾಗ ತಾನೇ ಒಂದು ಅಲೆಯನ್ನು ಎಬ್ಬಿಸಿಕೊಂಡು ಆ ಅಲೆಯ ತಗ್ಗಿನಲ್ಲಿ ಸಿಕ್ಕಿಕೊಳ್ಳುವುದು. ಅದನ್ನು ದಾಟಲು ಗುಡ್ಡವನ್ನು ಹತ್ತಿದಷ್ಟು ಶ್ರಮ. ವಿಲಿಯಂ ಫ್ರೌಡ್ ಎಂಬ ಆಂಗ್ಲ ಯಂತ್ರಶಿಲ್ಪಿಯು ಹತ್ತೊಂಬತ್ತನೆಯ ಶತಮಾನದಲ್ಲಿ ಚಿಕ್ಕ ಮಾದರಿಗಳನ್ನು ತೊಟ್ಟಿಯಲ್ಲಿ ಎಳೆದು ನೋಡಿ ಈ ಅಲೆಯ ನಿಯಮವನ್ನು ವಿಶದಪಡಿಸಿದನು. ನೀರುಗೆರೆಯ ಉದ್ದದ ಅಡಿಗಳ ವರ್ಗಮೂಲವನ್ನು ೧.೩೪ರಿಂದ ಗುಣಿಸಿದರೆ ಆ ಮೇರೆಯು ನಾಟ್‌ಗಳಲ್ಲಿ ದೊರೆಯುವುದು. ಇಪ್ಪತ್ತೈದರ ವರ್ಗಮೂಲ ಐದು, ಮೇರೆ ೬.೭ ನಾಟ್, ಎಂದರೆ ಗಂಟೆಗೆ ಹನ್ನೆರಡೂವರೆ ಕಿಲೋಮೀಟರಿನ ಹತ್ತಿರ. ಸೈಕಲ್ಲಿನ ವೇಗ! ಅತಿ ಹಗುರವಾದ ದೋಣಿಗಳು ಒಳ್ಳೆಯ ಗಾಳಿಯಲ್ಲಿ ಅಲೆಯ ಮೇಲೇರಿ ಜಾರಿ ಈ ಮೇರೆಯನ್ನು ಮೀರುವುದುಂಟು.

ಹಗುರವೆಂದರೆ ಎಷ್ಟು ಹಗುರ? ತೂಕವನ್ನು ೨,೨೪೦ ಪೌಂಡಿನ ಟನ್ನುಗಳಿಗೆ ತಿರುಗಿಸಿ, ನೀರುಗೆರೆಯ ಉದ್ದದ ನೂರನೆಯ ಪಾಲಿನ ಘನದಿಂದ ಭಾಗಿಸುವರು. ನಮ್ಮ ಮೊದಲನೆಯ ದೋಣಿಗೆ ಬರುವುದು ೨೨೯, ಎರಡನೆಯದಕ್ಕೆ ೧೧೭. ಇನ್ನೂರರಿಂದ ಮುನ್ನೂರರವರೆಗೆ ಮಧ್ಯಮ, ಮುನ್ನೂರಕ್ಕೆ ಮೀರಿದುದು ಭಾರ, ನೂರಕ್ಕೆ ಇಳಿದುದು ಗರಿ.

ಇನ್ನು ಹಾಯಿಗೂ ತೂಕಕ್ಕೂ ಇರುವ ಸಂಬಂಧ. ಹಾಯಿಯೆಂದರೆ ಎತ್ತು, ತೂಕವೆಂದರೆ ಗಾಡಿಯ ಹೊರೆ. ನಾನೂರನ್ನು ಎಂಟು ಸಾವಿರದಿಂದ ಭಾಗಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಗೃಹಿಣಿಯರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಬಾಳೆಯೆಲೆಯ ಉದ್ದವೂ ಅಗಲವೂ ಇಮ್ಮಡಿಯಾದರೆ ಬಡಿಸುವ ಜಾಗವು ನಾಲ್ಮಡಿಯಾಗುವುದು. ಆದರೆ ರಾಗಿಮುದ್ದೆಯ ಅಡ್ಡಳತೆಯನ್ನು ಇಮ್ಮಡಿ ಮಾಡಿದರೆ ಹಿಟ್ಟು ಎಂಟು ಪಾಲು ಬೇಕು. ಹಾಯಿಯು ಎಲೆಯಂತೆ, ದೋಣಿಯ ಒಡಲು ಮುದ್ದೆಯಂತೆ. ಎರಡನ್ನೂ ಒಂದೇ ತಕ್ಕಡಿಗೆ ತರಬೇಕಾದರೆ ಒಡಲಿನ ಘನಮೂಲವನ್ನು ತೆಗೆದು ಅದನ್ನು ವರ್ಗ ಮಾಡಬೇಕು. ಘನಮೂಲವನ್ನು ತೆಗೆಯುವ ಕ್ರಮವನ್ನು ಆರ್ಯಭಟನು ಕ್ರಿ. ಶ. ೪೯೯ರಷ್ಟು ಹಿಂದೆಯೇ ಹೇಳಿರುವನು. ನಮ್ಮ ಮಕ್ಕಳು ಅದಕ್ಕೂ ಯಂತ್ರವನ್ನು ಒತ್ತುವರು!

ಸಮುದ್ರದ ನೀರು ಘನ ಅಡಿಗೆ ೬೪ ಪೌಂಡು ತೂಗುವುದು. ನಮ್ಮ ವಾಣೀವಿಲಾಸದ ಸಿಹಿನೀರು ೬೨½ರ ಹತ್ತಿರ. ತೇಲುವ ವಸ್ತುವು ತನ್ನ ತೂಕದಷ್ಟೇ ನೀರನ್ನು ಸರಿಸುವುದಾದ್ದರಿಂದ, ಎಂಟು ಸಾವಿರವನ್ನು ಅರವತ್ತನಾಲ್ಕರಿಂದ ಭಾಗಿಸಿದರೆ ೧೨೫ ಘನ ಅಡಿ. ಅದರ ಘನಮೂಲ ೫, ವರ್ಗ ೨೫. ನಾನೂರನ್ನು ಅದರಿಂದ ಭಾಗಿಸಲು ೧೬. ಎರಡನೆಯದಕ್ಕೆ ೬೪ ಘನ ಅಡಿ, ಘನಮೂಲ ೪, ವರ್ಗ ೧೬. ೩೫೨ನ್ನು ಭಾಗಿಸಲು ೨೨. ಹದಿನೈದರಿಂದ ಹದಿನೆಂಟು ಸಂಸಾರದ ದೋಣಿ. ಇಪ್ಪತ್ತಕ್ಕೆ ಮೇಲ್ಪಟ್ಟುದು ಪಂದ್ಯದ ಕುದುರೆ. ಮಾರುವವನು ಸುಳ್ಳು ಹೇಳಿರಲಿಲ್ಲ.

ಆದರೆ ಅವನು ಹೇಳದೆ ಬಿಟ್ಟುದೊಂದಿತ್ತು. ಕಾಗದದಲ್ಲಿ ಬರೆದುದು ಬರಿದಾದ ದೋಣಿಯ ತೂಕ. ಮೂವರು ಮನುಷ್ಯರು, ಕುಡಿಯುವ ನೀರು, ಎಣ್ಣೆ, ಲಂಗರು, ಸರಪಣಿ, ಅಕ್ಕಿ ಬೇಳೆ, ಹಾಸಿಗೆ ಎಲ್ಲ ಸೇರಿ ೧,೫೦೦ ಪೌಂಡಾದರೆ ಆ ೨೨ ಎಂಬುದು ೧೮ಕ್ಕೆ ಇಳಿಯುವುದು. ಮೊದಲನೆಯ ದೋಣಿಗೂ ಅದೇ ಹೊರೆಯನ್ನು ಹೇರಿ ನೋಡಿದರೆ ೧೬ ಹೋಗಿ ೧೪ರ ಮೇಲೆ ನಿಲ್ಲುವುದು. ಎರಡರ ನಡುವಣ ಅಂತರವು ಆರರಿಂದ ನಾಲ್ಕಕ್ಕೆ ಬಂದಿತು. ಪಂದ್ಯದ ಕುದುರೆಗೆ ಹೇರು ಹೊರಿಸಿದರೆ ಅದು ಪಂದ್ಯದ ಕುದುರೆಯಾಗಿ ಉಳಿಯದು, ಒಳ್ಳೆಯ ಹೇರಿನ ಎತ್ತೂ ಆಗದು.

ತಾಯಿಯ ಕಣ್ಣೀರಿಗೆ ಸಂಬಂಧಪಟ್ಟ ಅಂಕಿಯು ಇನ್ನು ಮುಂದಿನದು. ೧೯೭೯ರ ಆಗಸ್ಟಿನಲ್ಲಿ ಇಂಗ್ಲೆಂಡಿನಿಂದ ಐರ್ಲೆಂಡಿನ ಫಾಸ್ಟ್‌ನೆಟ್ ಬಂಡೆಯನ್ನು ಸುತ್ತಿ ಬರುವ ಪಂದ್ಯಕ್ಕೆ ೩೦೩ ಹಾಯಿದೋಣಿಗಳು ಹೊರಟಿದ್ದವು. ನಡುದಾರಿಯಲ್ಲಿ ಬಿರುಗಾಳಿ ಹೊಡೆಯಿತು. ೨೪ ದೋಣಿಗಳನ್ನು ಬಿಟ್ಟು ಜನರು ಓಡಬೇಕಾಯಿತು, ಐದು ಮುಳುಗಿದವು, ಪಂದ್ಯದಲ್ಲಿದ್ದವರ ಪೈಕಿ ೧೫ ಮಂದಿ ಪ್ರಾಣ ಕಳೆದುಕೊಂಡರು. ಕೆಲವು ದೋಣಿಗಳು ಪೂರ್ತಿಯಾಗಿ ಬೋರಲಾಗಿ ಹಾಗೆಯೇ ಕೆಲವು ನಿಮಿಷ ನಿಂತಿದ್ದವು. ಅಗಲವಾದ ಹಗುರ ದೋಣಿಯು ಬೋರಲಾದರೆ, ಅಗಲವಾದ ತಟ್ಟೆಯಂತೆ, ಆ ಸ್ಥಿತಿಯಲ್ಲಿಯೂ ಸ್ಥಿರವಾಗಿರುವುದೆಂಬ ಭಯಂಕರ ಸತ್ಯವು ಅಂದು ಹೊರಬಿದ್ದಿತು. ಅದಾದ ಮೇಲೆ ಅಮೆರಿಕೆಯ ಕ್ರೂಸಿಂಗ್ ಕ್ಲಬ್ಬಿನ ತಜ್ಞರು ಒಂದು ಸರಳವಾದ ಜರಡಿಯನ್ನು ಮಾಡಿಕೊಟ್ಟರು: ಅಗಲದ ಅಡಿಗಳನ್ನು, ಮೊದಲು ಹೇಳಿದ ಘನಮೂಲದಿಂದ ಭಾಗಿಸು, ಎರಡಕ್ಕೆ ಮೀರಿದರೆ ತೆರೆದ ಸಾಗರಕ್ಕೆ ಬೇಡ.

ಒಂಬತ್ತೂವರೆಯನ್ನು ಐದರಿಂದ ಭಾಗಿಸಲು ೧.೯, ಮೊದಲನೆಯದು ಜರಡಿಯಲ್ಲಿ ಇಳಿಯಿತು. ನಾಲ್ಕರಿಂದ ಭಾಗಿಸಲು ೨.೪ರ ಹತ್ತಿರ, ಎರಡನೆಯದು ನಿಂತಿತು. ಹೋಲಿಕೆಗಾಗಿ ನೋಡಿರಿ: ೨೦೧೭-೧೮ರಲ್ಲಿ ನಮ್ಮ ನೌಕಾದಳದ ಆರು ಮಂದಿ ಹೆಣ್ಣುಮಕ್ಕಳು ಲೆಫ್ಟಿನೆಂಟ್ ಕಮಾಂಡರ್ ವರ್ತಿಕಾ ಜೋಶಿಯವರ ನಾಯಕತ್ವದಲ್ಲಿ ೨೫೪ ದಿನಗಳಲ್ಲಿ ಭೂಮಂಡಲವನ್ನು ಸುತ್ತಿ ಬಂದ 'ತಾರಿಣಿ'ಯು ಗೋವೆಯಲ್ಲಿ ಕಟ್ಟಿದ ದೋಣಿ. ಉದ್ದ ಸುಮಾರು ೧೭ ಮೀಟರು, ಅಗಲ ಸುಮಾರು ೫, ತೂಕ ೨೩ ಟನ್ನು. ಅದರ ಅಂಕಿಯು ೧.೮ರ ಆಸುಪಾಸಿನಲ್ಲಿ ಬರುವುದು. ಭೋಜನ ತರಣಿಗೆ ಎಂಟಕ್ಕೆ ಒಂದಿದ್ದರೆ ಈ ತಾರಿಣಿಗೆ ಮೂರೂವರೆಗೆ ಒಂದೂ ಇಲ್ಲ. ಆದರೂ ಕೆಳಗೆ ಇಳಿಬಿಟ್ಟ ಭಾರದಿಂದಾಗಿ ದಕ್ಷಿಣ ಸಾಗರದ ಅಲೆಗಳಲ್ಲಿ ಎದ್ದು ನಿಂತಿತು.

ಈ ಜರಡಿಯನ್ನು ಕುರುಡಾಗಿ ನಂಬತಕ್ಕದ್ದಲ್ಲ. ದೋಣಿಯ ಸೀಸವನ್ನೆಲ್ಲ ಕಿತ್ತು ಕೂವೆಮರದ ತುದಿಗೆ ಕಟ್ಟಿದರೂ ಅಗಲವೂ ತೂಕವೂ ಬದಲಾಗುವುದಿಲ್ಲ. ಆದಕಾರಣ ಅಂಕಿಯೂ ಬದಲಾಗುವುದಿಲ್ಲ! ಅಷ್ಟೇ ಅಲ್ಲ, ಮೇಲ್ಗಡೆ ಸಾಮಾನನ್ನು ಹೇರಿದಷ್ಟೂ ಅಂಕಿಯು ಚೆನ್ನಾಗುವುದು, ದೋಣಿಯು ಕೆಡುವುದು. ನಮ್ಮ ಎರಡನೆಯ ದೋಣಿಗೆ ೧,೫೦೦ ಪೌಂಡು ಹೇರಿದರೆ ೨.೪ ಇದ್ದುದು ೨.೧ ಆಗಿ ತೋರುವುದು. ಭಾರವು ಎಲ್ಲಿದೆ ಎಂಬುದೇ ಮುಖ್ಯ. ಅದಕ್ಕಾಗಿ ಅಡಿಭಾರದ ಪಾಲನ್ನು ಬೇರೆಯಾಗಿ ಕೇಳಬೇಕು. ಮೊದಲನೆಯದರಲ್ಲಿ ದೋಣಿಯ ಕೆಳಗೆ ಮೀನಿನ ರೆಕ್ಕೆಯಂತಿರುವ ಕೀಲ್‌ನಲ್ಲಿ ೩,೨೦೦ ಪೌಂಡು ಸೀಸವಿದೆ. ನೂರಕ್ಕೆ ನಲವತ್ತು ಪಾಲು. ಎರಡನೆಯದರಲ್ಲಿ ನೂರಕ್ಕೆ ಮೂವತ್ತು. ಚನ್ನಪಟ್ಟಣದ ಬೊಂಬೆಯನ್ನು ಅಡಿಯಲ್ಲಿ ತೂಕವಿಟ್ಟು ಮಾಡಿದರೆ ಮಗುವು ಎಷ್ಟು ಸಲ ಕೆಡವಿದರೂ ಏಳುವುದು, ಅದೇ ನ್ಯಾಯ. ಆಳವಾದ ಕೀಲ್‌ನಲ್ಲಿ ಕಡಮೆ ಸೀಸವೂ ಹೆಚ್ಚು ಕೆಲಸ ಮಾಡುವುದರಿಂದ ಇದೂ ಒಬ್ಬಂಟಿ ಸಾಕ್ಷಿಯಲ್ಲ.

ಟೆಡ್ ಬ್ರೂವರ್ ಎಂಬ ದೋಣಿಶಿಲ್ಪಿಯು ಒಳಗೆ ಕುಳಿತವರಿಗೆ ಎಷ್ಟು ಓಲಾಟವಾಗುವುದೆಂಬುದಕ್ಕೂ ಒಂದು ಅಂಕಿಯನ್ನು ಅರ್ಧ ವಿನೋದಕ್ಕಾಗಿ ಮಾಡಿದನು. ಜನರು ಅದನ್ನು ಪೂರಾ ನಿಜವೆಂದು ಹಿಡಿದುಕೊಂಡಿರುವರು. ಭಾರವಾದ ಕಿರಿದಾದ ದೋಣಿ ನಿಧಾನವಾಗಿ ಓಲುವುದು, ಹಗುರವಾದ ಅಗಲ ದೋಣಿ ಜಟಕಾ ಬಂಡಿಯಂತೆ ಕುಕ್ಕುವುದು ಎಂಬಷ್ಟು ತಿಳಿದರೆ ಸಾಕು.

ಶಿಷ್ಯನಿಗೆ ಇವನ್ನೆಲ್ಲ ಬರೆದು, ಮೊದಲನೆಯ ದೋಣಿಯೇ ಮಗಳಿರುವ ಮನೆಗೆ ತಕ್ಕುದೆಂದೂ, ಬರಿಯ ಅಂಕಿಯನ್ನು ನೆಚ್ಚಿ ಮುಂಗಡವನ್ನು ಕೊಡಕೂಡದೆಂದೂ ತಿಳಿಸಿದೆವು. ಮುಪ್ಪಾದ ದೋಣಿಯ ಸೀಸವನ್ನು ಒಡಲಿಗೆ ಹಿಡಿದಿರುವ ಬೋಲ್ಟುಗಳು ತುಕ್ಕು ಹಿಡಿದಿದ್ದರೆ ನೂರಕ್ಕೆ ನಲವತ್ತು ಪಾಲು ಎಂಬುದು ಒಂದು ರಾತ್ರಿ ಸೊನ್ನೆಯಾದೀತು. ಅದನ್ನು ದೋಣಿಯನ್ನು ನೀರಿನಿಂದ ಮೇಲೆತ್ತಿಸಿ ಬಲ್ಲ ಪರೀಕ್ಷಕನು ಕಣ್ಣಾರೆ ನೋಡಬೇಕು. ಹಾಗೆಯೇ ಮಾಡುವೆನೆಂದು ಉತ್ತರ ಬಂದಿದೆ. ಪರೀಕ್ಷಕನ ದಿನವೂ ಗೊತ್ತಾಗಿದೆಯಂತೆ. ತಾಯಿಯವರಿಗೆ ಕಾಗದವನ್ನು ಓದಿ ಹೇಳಿದೆವು. ಅವರು ಅಂಕಿಗಳನ್ನೆಲ್ಲ ತಾಳ್ಮೆಯಿಂದ ಕೇಳಿ, "ಅದೆಲ್ಲಾ ಸರಿ ಮೇಷ್ಟ್ರೇ, ಮಗೂಗೆ ಈಜು ಬರುತ್ತಾ ಅಂತ ಕೇಳಿದ್ರಾ?" ಎಂದರು. ಈ ಸಲದ ಟಪಾಲಿನಲ್ಲಿ ಅದನ್ನೂ ಕೇಳಿ ಬರೆದಿದ್ದೇವೆ.